ಕೇಳಿದ್ದನ್ನು ಕೇಳಿದಂತೆ ಬರೆದ ಬುಕಾನನ್

ಸರ್ಕಾರಿ ಸೇವೆಯಲ್ಲಿದ್ದಷ್ಟು ಕಾಲ ನಾನು ತಿಂಗಳಿಗೊಮ್ಮೆ ತಪ್ಪದೆ ಬರೆಯಬೇಕಾಗಿದ್ದ ಬರಹವೆಂದರೆ ಪ್ರವಾಸ ದಿನಚರಿ. ಯಾವ ದಿನ ಯಾವ ಊರಿಗೆ ಹೋದೆ, ಎಷ್ಟು ಕಿಲೋಮೀಟರ್ ಕ್ರಮಿಸಿದೆ, ಏನನ್ನು ಪರಿಶೀಲಿಸಿದೆ, ರಾತ್ರಿ ಎಲ್ಲಿ ತಂಗಿದೆ ಎಂಬ ವಿವರಗಳಿಷ್ಟೇ ಅದರಲ್ಲಿರುತ್ತಿದ್ದವು. ಭತ್ಯೆಯ ಬಿಲ್ಲು ಮಂಜೂರಾದೊಡನೆ ಅದರ ಆಯುಷ್ಯ ಮುಗಿಯುತ್ತಿತ್ತು. ಅದನ್ನು ಸಾಹಿತ್ಯವೆಂದು ಯಾರೂ ಕರೆಯಲಾರರು. ಬರೆದ ನಾನಂತೂ ಕರೆಯಲಾರೆ. ಆದರೆ 1800ನೇ ಇಸವಿಯಲ್ಲಿ ನಮ್ಮ ನಾಡಿನ ಊರುಗಳಲ್ಲಿ ಸುತ್ತಾಡಿದ ಒಬ್ಬ ಅಧಿಕಾರಿಯ ಪ್ರವಾಸ ದಿನಚರಿಯನ್ನು ಎರಡು ಶತಮಾನಗಳು ಕಳೆದ ಮೇಲೂ ಇತಿಹಾಸಕಾರರು, ಅರ್ಥಶಾಸ್ತ್ರಜ್ಞರು, ಸಸ್ಯಶಾಸ್ತ್ರಜ್ಞರು ತೆರೆದು ನೋಡುತ್ತಿದ್ದಾರೆ. ಆತ ಫ್ರಾನ್ಸಿಸ್ ಬುಕಾನನ್. ಪ್ರವಾಸ ಸಾಹಿತ್ಯವನ್ನು ಹೇಗೆ ಬರೆಯಬೇಕು, ಹೇಗೆ ಓದಬೇಕು ಎಂಬ ಎರಡು ಪಾಠಗಳೂ ಆತನ ಬದುಕಿನಲ್ಲಿವೆ ಎಂದು ನಾನು ಭಾವಿಸಿದ್ದೇನೆ.

ಬುಕಾನನ್ ಹುಟ್ಟಿದ್ದು 1762ರಲ್ಲಿ, ಸ್ಕಾಟ್ಲೆಂಡಿನ ಪರ್ತ್‌ಶೈರ್‌ನಲ್ಲಿ. ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಓದಿ 1783ರಲ್ಲಿ ಪದವಿ ಪಡೆದ. ಅಲ್ಲಿನ ಪ್ರಾಧ್ಯಾಪಕ ಜಾನ್ ಹೋಪ್ ಆತನಿಗೆ ಸಸ್ಯಶಾಸ್ತ್ರದ ರುಚಿ ಹತ್ತಿಸಿದ. ಆ ಕಾಲದ ಅನೇಕ ಸ್ಕಾಟಿಷ್ ತರುಣರಂತೆ ಈತನೂ ಹಡಗಿನ ವೈದ್ಯನಾಗಿ ಪೂರ್ವದೇಶಗಳ ಕಡೆ ಹೊರಟು, ಕೆಲವು ವರ್ಷಗಳ ನಂತರ, 1794ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಬಂಗಾಳ ವೈದ್ಯಕೀಯ ಸೇವೆಯನ್ನು ಸೇರಿದ. ವೃತ್ತಿಯಿಂದ ವೈದ್ಯ; ಆದರೆ ರೋಗಿಗಳ ನಾಡಿ ಹಿಡಿದುದಕ್ಕಿಂತ ನಾಡುಗಳ ನಾಡಿ ಹಿಡಿದುದೇ ಹೆಚ್ಚು.

ಸೇವೆಗೆ ಸೇರಿದ ಮರುವರ್ಷವೇ, ಅಂದರೆ 1795ರಲ್ಲಿ, ಕ್ಯಾಪ್ಟನ್ ಮೈಕೆಲ್ ಸೈಮ್ಸ್‌ನ ನೇತೃತ್ವದ ರಾಯಭಾರ ತಂಡದೊಡನೆ ಆತ ಬರ್ಮಾಕ್ಕೆ ಹೋದ. ರಾಜಧಾನಿ ಅಮರಪುರದಲ್ಲಿ ತಂಡ ತಂಗಿದ್ದಾಗ ಗಿಡಮೂಲಿಕೆಗಳನ್ನು ಸಂಗ್ರಹಿಸಿದುದರ ಜೊತೆಗೆ, ಭೇಟಿಯಾದ ಬೇರೆ ಬೇರೆ ಸಮುದಾಯದವರಿಂದ ಅವರವರ ನುಡಿಯ ಪದಗಳನ್ನು ಕೇಳಿ ಪಟ್ಟಿ ಮಾಡಿದ. ಆ ಪದಪಟ್ಟಿ 1799ರಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ಸಂಶೋಧನ ಸಂಪುಟದಲ್ಲಿ ಅಚ್ಚಾಯಿತು. ಅದರ ವಿಷಯಕ್ಕೆ ಮುಂದೆ ಬರುತ್ತೇನೆ. 1798ರಲ್ಲಿ ಕಂಪನಿ ಆತನನ್ನು ಚಿತ್ತಗಾಂಗ್ ಕಡೆಗೆ ಕಳುಹಿಸಿತು. ಸಂಬಾರ ಪದಾರ್ಥಗಳನ್ನು ಬೆಳೆಯಬಹುದಾದ ಭೂಮಿಯನ್ನು ಹುಡುಕುವುದು ಆ ಪ್ರವಾಸದ ಉದ್ದೇಶವಾಗಿತ್ತು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು, ಟಿಪ್ಪು ಸುಲ್ತಾನ್ ಮಡಿದ. ಕೆನರಾ, ಕೊಯಮತ್ತೂರು ಮೊದಲಾದ ಸೀಮೆಗಳು ಕಂಪನಿಯ ನೇರ ಆಡಳಿತಕ್ಕೆ ಬಂದವು; ಉಳಿದ ಮೈಸೂರು ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ದಿವಾನ್ ಪೂರ್ಣಯ್ಯನವರ ಆಡಳಿತಕ್ಕೊಳಪಟ್ಟಿತು. ಗೆದ್ದ ನಾಡಿನಲ್ಲಿ ಏನೇನಿದೆ ಎಂಬ ಲೆಕ್ಕ ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಬೇಕಾಗಿತ್ತು. ಆ ಕೆಲಸಕ್ಕೆ ಆತ ಆರಿಸಿದ್ದು ಬುಕಾನನ್‌ನನ್ನು. ಬೇಸಾಯದ ಪದ್ಧತಿ, ದನಕರು, ಹತ್ತಿ, ಮೆಣಸು, ಗಂಧ, ಏಲಕ್ಕಿ, ಗಣಿ, ಕೈಕಸುಬು, ಹವೆ, ಜನರ ಸ್ಥಿತಿಗತಿ ಎಲ್ಲವನ್ನೂ ವಿಚಾರಿಸಿ ವರದಿ ಮಾಡಬೇಕೆಂಬುದು ಆತನಿಗೆ ಸಿಕ್ಕ ಆದೇಶ. 1800ರ ಏಪ್ರಿಲ್ 23ರಂದು ಮದರಾಸಿನಿಂದ ಹೊರಟ ಬುಕಾನನ್ 1801ರ ಜುಲೈವರೆಗೆ ಪ್ರಯಾಣದಲ್ಲೇ ಇದ್ದ.

ಆತನ ಹಾದಿಯನ್ನು ಇಂದಿನ ನಕ್ಷೆಯ ಮೇಲೆ ಬೆರಳಿಟ್ಟು ಅನುಸರಿಸುವುದು ನನಗೆ ಬಹುಕಾಲದ ಹವ್ಯಾಸ. ಕೋಲಾರ, ಬೆಂಗಳೂರು, ಚನ್ನಪಟ್ಟಣ, ಶ್ರೀರಂಗಪಟ್ಟಣ, ಮಾಗಡಿ, ತುಮಕೂರು, ಗುಬ್ಬಿ, ಶಿರಾ. ಮುಂದೆ ಕೊಯಮತ್ತೂರಿನ ಮೂಲಕ ಮಲಬಾರಿಗಿಳಿದು, ಕರಾವಳಿಯುದ್ದಕ್ಕೂ ಮಂಗಳೂರು, ಕಾರ್ಕಳ, ಉಡುಪಿ, ಭಟ್ಕಳ, ಹೊನ್ನಾವರ, ಗೋಕರ್ಣ. ಅಲ್ಲಿಂದ ಘಟ್ಟ ಹತ್ತಿ ಸೋದೆ, ಶಿರಸಿ, ಬನವಾಸಿ, ಇಕ್ಕೇರಿ, ಬಿದನೂರು, ಚಿತ್ರದುರ್ಗ. ಬೆಂಗಳೂರಿನ ಪೇಟೆಯಲ್ಲಿ ಪಟ್ಟೇಗಾರರು, ಖತ್ರಿಗಳು, ದೇವಾಂಗರು ಯಾವ ಯಾವ ಬಗೆಯ ಬಟ್ಟೆ ನೇಯುತ್ತಾರೆ, ನೂಲು ಎಲ್ಲಿಂದ ಬರುತ್ತದೆ, ಯಾವ ಸರಕು ಎತ್ತಿನ ಹೇರಿನಲ್ಲಿ ಎಲ್ಲಿಗೆ ಹೋಗುತ್ತದೆ ಎಂದು ಆತ ಬರೆದುಕೊಂಡ. ಸುಲ್ತಾನನ ತೋಟವನ್ನು ನೋಡಿ, ಚೌಕ ಮಡಿಗಳ ನಡುವಣ ಕಾಲುದಾರಿ, ಅದರ ಇಕ್ಕೆಲಗಳಲ್ಲಿ ನಿಂತ ಸೈಪ್ರೆಸ್ ಮರಗಳು, ಒಂದೊಂದು ಮಡಿಗೆ ಒಂದೊಂದು ಜಾತಿಯ ಗಿಡ ಎಂದು ದಾಖಲಿಸಿದ. ಚನ್ನಪಟ್ಟಣದಲ್ಲಿ ತಂತಿವಾದ್ಯಗಳಿಗಾಗಿ ಉಕ್ಕಿನ ತಂತಿ ಎಳೆಯುವುದನ್ನೂ, ತುಮಕೂರು ಸೀಮೆಯ ಬೆಟ್ಟಗಳ ಬಳಿ ಮಣ್ಣಿನ ಮೂಸೆಗಳಲ್ಲಿ ಕಬ್ಬಿಣವನ್ನು ಉಕ್ಕಾಗಿಸುವುದನ್ನೂ, ಸೋದೆಯ ಅಡಿಕೆ ತೋಟಗಳಲ್ಲಿ ಮೆಣಸು, ಏಲಕ್ಕಿ ಬೆಳೆಯುವ ಕ್ರಮವನ್ನೂ ವಿವರಿಸಿದ. ಕುಲುಮೆಯಲ್ಲಿ ಎಷ್ಟು ಆಳುಗಳು, ತಯಾರಾದ ಮಾಲಿನಲ್ಲಿ ಯಾರಿಗೆ ಎಷ್ಟು ಪಾಲು ಎಂಬುದೂ ಅಲ್ಲಿದೆ.

ಈ ಬರವಣಿಗೆಯಲ್ಲಿ ಸೊಗಸು ಕಡಿಮೆ. ಸೂರ್ಯಾಸ್ತಗಳ ವರ್ಣನೆಗಾಗಿ ಹುಡುಕುವವರಿಗೆ ನಿರಾಶೆಯೇ ಗತಿ. ಆದರೆ ರಾಗಿಗೆ ಎಷ್ಟು ಸಾಲು ಉಳುಮೆ, ಯಾವ ತಿಂಗಳಲ್ಲಿ ಬಿತ್ತನೆ, ಎಷ್ಟು ಬೀಜ, ಎಷ್ಟು ಗೊಬ್ಬರ, ಒಳ್ಳೆಯ ವರ್ಷದಲ್ಲಿ ಎಷ್ಟು ಇಳುವರಿ ಎಂಬ ವಿವರಗಳಿವೆ. ಊರಿಂದೂರಿಗೆ ಸೇರು, ಕೊಳಗ, ಖಂಡುಗಗಳ ಪ್ರಮಾಣ ಬದಲಾಗುತ್ತಿದ್ದುದರಿಂದ ಆಯಾ ಊರಿನ ಅಳತೆಯನ್ನು ಮೊದಲು ತಿಳಿದುಕೊಂಡು, ಬಳಿಕ ಕಂಠೀರವ ಹಣ, ವರಹಗಳ ಲೆಕ್ಕವನ್ನು ಇಂಗ್ಲಿಷ್ ಮಾನಗಳಿಗೆ ತಿರುಗಿಸಿದ. ರೈತರು ಒಂದು ಹೇಳಿ ಗೌಡ, ಶ್ಯಾನುಭೋಗರು ಮತ್ತೊಂದು ಹೇಳಿದಾಗ ಎರಡನ್ನೂ ಬರೆದ. ಯಾವುದು ನಂಬಲರ್ಹ, ಏಕೆ ಎಂಬ ತನ್ನ ಅನುಮಾನವನ್ನೂ ಸೇರಿಸಿದ. ಕಂಡದ್ದು ಯಾವುದು, ಕೇಳಿದ್ದು ಯಾವುದು, ಹೇಳಿದವರು ಯಾರು ಎಂಬ ವ್ಯತ್ಯಾಸ ಆತನ ಪುಟಗಳಲ್ಲಿ ಬಹುಮಟ್ಟಿಗೆ ಉಳಿದುಕೊಂಡಿದೆ. ಈ ದಿನಚರಿ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಹೊರಬಂದಾಗ ಅದನ್ನು ವಿಷಯವಾರು ಗ್ರಂಥವಾಗಿ ತಿದ್ದಿರಲಿಲ್ಲ. ದಿನದಿನದ ಟಿಪ್ಪಣಿಯ ರೂಪದಲ್ಲೇ ಅಚ್ಚಾಗಿತ್ತು. ಓದುಗನಿಗೆ ಅದರಿಂದ ತೊಡಕಾದರೂ ಸಂಶೋಧಕನಿಗೆ ಉಪಕಾರವೇ ಆಯಿತು. ಲೂಯಿಸ್ ರೈಸ್‌ನ ಮೈಸೂರು ಗೆಜೆಟಿಯರ್ ಕೂಡ ಬುಕಾನನ್‌ನ ವಿವರಗಳನ್ನು ಬಳಸಿಕೊಂಡಿತು.

ಹಾಗೆಂದು ಆತನನ್ನು ನಿಷ್ಪಕ್ಷಪಾತಿ ಎನ್ನಲಾಗದು. ಪ್ರಯಾಣದ ವೆಚ್ಚ ಭರಿಸಿದ್ದು ಕಂಪನಿ. ವಿಚಾರಣೆಯ ಕೊನೆಯ ಗುರಿ ಕಂದಾಯ ಮತ್ತು ವ್ಯಾಪಾರ. ಸೋತ ಟಿಪ್ಪುವಿನ ಬಗ್ಗೆ ಗೆದ್ದವರ ಸಂಬಳದ ನೌಕರ ಏನು ಬರೆಯಬಹುದೋ ಅದನ್ನೇ ಆತ ಬರೆದ. ಹೈದರನ ಬಗ್ಗೆ ಸ್ವಲ್ಪ ಮೃದುವಾಗಿದ್ದ. ಬ್ರಾಹ್ಮಣರ ಬಗೆಗಿನ ಪೂರ್ವಗ್ರಹವನ್ನು ಮುಚ್ಚಿಡುವ ಗೋಜಿಗೂ ಹೋಗಲಿಲ್ಲ. ಇಲ್ಲಿನ ಭಾಷೆಗಳು ಬಾರದ ಕಾರಣ ದುಭಾಷಿಗಳನ್ನೇ ನೆಚ್ಚಬೇಕಾಗಿತ್ತು. ಸೈನ್ಯ ಬಂದು ಹೋದ ಮರುವರ್ಷ ಬಿಳಿಯ ಅಧಿಕಾರಿಯೊಬ್ಬ ಊರಿಗೆ ಬಂದು ನಿನ್ನ ಹೊಲದಲ್ಲಿ ಎಷ್ಟು ಬೆಳೆಯುತ್ತದೆ ಎಂದು ಕೇಳಿದರೆ ಯಾವ ರೈತ ತಾನೆ ನಿಜ ಹೇಳಿಯಾನು? ತೆರಿಗೆ ಹೆಚ್ಚೀತೆಂಬ ಅಂಜಿಕೆಯಿಂದ ಹೇಳಿದ ಉತ್ತರಗಳು ಆ ಪುಟಗಳಲ್ಲಿ ಎಷ್ಟಿವೆಯೋ! ಆದ್ದರಿಂದ ಪ್ರವಾಸ ಕಥನವನ್ನು ಓದುವಾಗ ಬರೆದವನ ಹೆಸರಿನಷ್ಟೇ ಮುಖ್ಯವಾಗಿ, ಆತನ ಪ್ರಯಾಣಕ್ಕೆ ಹಣ ಕೊಟ್ಟವರು ಯಾರು, ಆತನೆದುರು ಬಾಯಿ ಬಿಡಲಾಗದವರು ಯಾರು ಎಂದು ಕೇಳಿಕೊಳ್ಳಬೇಕು.

ಆದರೂ ಬಾಯಿಲ್ಲದವರು ಆ ಪುಟಗಳಲ್ಲಿ ಸುಳಿಯದೆ ಇಲ್ಲ. ಮಲಬಾರಿನಲ್ಲಿ ಹೊಲಗೆಲಸದ ಗುಲಾಮರನ್ನು ಮಾರುವ, ಅಡವಿಡುವ, ಬಾಡಿಗೆಗೆ ಕೊಡುವ ಮೂರು ಪದ್ಧತಿಗಳನ್ನು ಆತ ಬಿಡಿಸಿ ಬರೆದ. ಒಬ್ಬ ಗುಲಾಮನ ಬೆಲೆ ಎಷ್ಟು, ದಿನಕ್ಕೆ ಎಷ್ಟು ಧಾನ್ಯ ಕೊಡುತ್ತಾರೆ, ಹೆಂಗಸರು ಮಕ್ಕಳಿಗೆ ಎಷ್ಟು ಎಂಬುದನ್ನು ರಾಗಿ, ಮೆಣಸುಗಳ ಲೆಕ್ಕದಷ್ಟೇ ನಿಖರವಾಗಿ ದಾಖಲಿಸಿದ. ಭಾರತದಲ್ಲಿ ಗುಲಾಮಗಿರಿಗೆ ಕಾನೂನಿನ ಮಾನ್ಯತೆಯನ್ನು ತೆಗೆದುಹಾಕಿದ ಕಾಯಿದೆ ಬಂದಿದ್ದು 1843ರಲ್ಲಿ. ಅದಕ್ಕೂ ನಾಲ್ಕು ದಶಕಗಳ ಹಿಂದೆ ಆ ಮನುಷ್ಯರ ಹೊಟ್ಟೆಗೆ ಎಷ್ಟು ಬೀಳುತ್ತಿತ್ತು ಎಂಬುದನ್ನು ಇಂದು ಅಂಕಿಗಳಲ್ಲಿ ತಿಳಿಯಲು ಸಾಧ್ಯವಾಗಿರುವುದು ಇಂಥ ದಾಖಲೆಯಿಂದ. ಬರೆದವನ ಮನಸ್ಸು ಎಷ್ಟು ಕರಗಿತ್ತು ಎಂಬುದು ಬೇರೆ ಮಾತು. ಆತನ ಲೆಕ್ಕ ಸಾಕ್ಷಿಯಾಗಿ ಉಳಿಯಿತು.

ಇದನ್ನು ಓದುವಾಗಲೆಲ್ಲ ನನ್ನದೇ ಒಂದು ಪ್ರವಾಸ ದಿನಚರಿ ನೆನಪಾಗಿ ಮುಜುಗರವಾಗುತ್ತದೆ. 1980ರ ದಶಕದ ಬರಗಾಲದ ಒಂದು ವರ್ಷ, ಹೊಸದಾಗಿ ಸೇವೆಗೆ ಸೇರಿದ್ದ ನನ್ನನ್ನು ಕೆಲವು ಹಳ್ಳಿಗಳ ಬೆಳೆ ಸ್ಥಿತಿ ನೋಡಿ ಬರಲು ಕಳುಹಿಸಿದ್ದರು. ಮೂರು ಹಳ್ಳಿಗಳಿಗೆ ಹೋದೆ. ನಾಲ್ಕನೆಯದಕ್ಕೆ ರಸ್ತೆ ಸರಿಯಿಲ್ಲವೆಂದು ಪ್ರವಾಸಿ ಮಂದಿರದಲ್ಲೇ ಕುಳಿತು, ಗ್ರಾಮ ಲೆಕ್ಕಿಗರು ಹೇಳಿದ ಅಂದಾಜನ್ನು ನಾನೇ ಕಂಡಂತೆ ಬರೆದುಬಿಟ್ಟೆ. ಬೆಳೆ ಅರ್ಧಕ್ಕರ್ಧ ಬಂದಿದೆ ಎಂಬುದು ಆ ಅಂದಾಜು. ಕೆಲವು ವಾರಗಳ ನಂತರ ಆ ಹಳ್ಳಿಯ ಹತ್ತಾರು ಮಂದಿ ಕಚೇರಿಗೆ ಬಂದರು. ಹಿರಿಯ ರೈತರೊಬ್ಬರು ಒಣಗಿದ ರಾಗಿಯ ಒಂದು ಹಿಡಿಯನ್ನು ನನ್ನ ಮೇಜಿನ ಮೇಲಿಟ್ಟು, ಸ್ವಾಮಿ, ತಾವು ಯಾವ ಹೊಲ ನೋಡಿದಿರಿ ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ವರದಿಯನ್ನು ತಿದ್ದಿ ಕಳುಹಿಸುವಷ್ಟರಲ್ಲಿ ಪರಿಹಾರದ ಮೊದಲ ಕಂತು ಆ ಹಳ್ಳಿಯನ್ನು ಬಿಟ್ಟು ಹೋಗಿತ್ತು. ಕೇಳಿದ್ದನ್ನು ಕಂಡದ್ದೆಂದು ಬರೆಯುವುದರ ಬೆಲೆಯನ್ನು ತೆರುವವರು ಬರೆದವರಲ್ಲ ಎಂದು ಅಂದು ತಿಳಿಯಿತು.

ಬುಕಾನನ್‌ನ ಕಥೆಗೆ ಮರಳೋಣ. 1802ರಲ್ಲಿ ಆತ ಕಂಪನಿಯ ನಿಯೋಗದೊಡನೆ ನೇಪಾಳಕ್ಕೆ ಹೋದ. ಅಲ್ಲಿ ಸ್ವತಂತ್ರವಾಗಿ ತಿರುಗಾಡಲು ಅವಕಾಶ ಕಡಿಮೆಯಿದ್ದುದರಿಂದ, ತಾನು ಕಾಣದ ಸೀಮೆಗಳ ಬಗ್ಗೆ ಬಲ್ಲವರನ್ನು ಕೇಳಿ ಬರೆದುಕೊಂಡ. ಆ ಪುಸ್ತಕ 1819ರಲ್ಲಿ ಪ್ರಕಟವಾಯಿತು. ನಂತರ ವೆಲ್ಲೆಸ್ಲಿಯ ವೈದ್ಯನಾಗಿ, ಬ್ಯಾರಕ್‌ಪುರದ ಪ್ರಾಣಿಸಂಗ್ರಹದ ಉಸ್ತುವಾರಿಯಾಗಿ ಕೆಲವು ವರ್ಷ ಕಳೆದ. 1807ರಿಂದ 1814ರವರೆಗಿನ ಏಳು ವರ್ಷ ಆತನ ಬದುಕಿನ ಅತಿ ದೊಡ್ಡ ಕೆಲಸಕ್ಕೆ ಮೀಸಲಾಯಿತು. ದಿನಾಜ್‌ಪುರ, ರಂಗ್‌ಪುರ, ಪೂರ್ಣಿಯಾ, ಭಾಗಲ್‌ಪುರ, ಪಟ್ನಾ-ಗಯಾ, ಶಾಹಾಬಾದ್, ಗೋರಖ್‌ಪುರ ಸೀಮೆಗಳ ಸರ್ವೇಕ್ಷಣೆ ಅದು. ಬೃಹತ್ ಹಸ್ತಪ್ರತಿಗಳು ಲಂಡನ್ನಿನ ಕಂಪನಿ ಕಚೇರಿಯನ್ನು ಸೇರಿ ಧೂಳು ಹಿಡಿದವು. 1838ರಲ್ಲಿ ಮಾಂಟ್‌ಗೊಮೆರಿ ಮಾರ್ಟಿನ್ ಎಂಬಾತ ಅವನ್ನು ಕತ್ತರಿಸಿ ಮೂರು ಸಂಪುಟಗಳಾಗಿ ಹೊರತಂದಾಗ ಮುಖಪುಟದಲ್ಲಿ ಬುಕಾನನ್‌ನ ಹೆಸರು ಇರಲಿಲ್ಲ. ಆತ ತೀರಿಕೊಂಡು ಆಗಲೇ ಒಂಬತ್ತು ವರ್ಷ ಕಳೆದಿತ್ತು.

ಆ ಟಿಪ್ಪಣಿಗಳು ಮತ್ತೆ ಜೀವ ಪಡೆದದ್ದು ಇಪ್ಪತ್ತನೆಯ ಶತಮಾನದಲ್ಲಿ. ಅರ್ಥಶಾಸ್ತ್ರದ ಎಂ.ಎ. ತರಗತಿಯಲ್ಲಿ ನಾನು ಬುಕಾನನ್‌ನ ಹೆಸರನ್ನು ಮೊದಲು ಕೇಳಿದ್ದು ಅಮಿಯ ಕುಮಾರ್ ಬಾಗ್ಚಿ ಅವರ ಪ್ರಬಂಧದ ಮೂಲಕ. ಬ್ರಿಟಿಷ್ ಆಳ್ವಿಕೆಯಲ್ಲಿ ನಮ್ಮ ಕೈಕಸುಬುಗಳು ನಿಜಕ್ಕೂ ನಾಶವಾದವೇ ಎಂಬ ಹಳೆಯ ಪ್ರಶ್ನೆಗೆ ಬಾಗ್ಚಿ 1976ರಲ್ಲಿ ಅಂಕಿಗಳಿಂದ ಉತ್ತರಿಸಲು ಹೊರಟರು. ಗಂಗಾ ಬಯಲಿನ ಬಿಹಾರದ ಜಿಲ್ಲೆಗಳಲ್ಲಿ ಕೈಗಾರಿಕೆಯನ್ನು ನೆಚ್ಚಿದ್ದ ಜನರ ಪ್ರಮಾಣ 1809-13ರಲ್ಲಿ ಶೇ 18.6 ಇದ್ದದ್ದು 1901ರ ಜನಗಣತಿಯ ವೇಳೆಗೆ ಶೇ 8.5ಕ್ಕೆ ಇಳಿದಿತ್ತು ಎಂಬುದು ಅವರ ಲೆಕ್ಕ. ಮೊದಲ ಅಂಕಿಗೆ ಆಧಾರ ಬುಕಾನನ್‌ನ ಸರ್ವೇಕ್ಷಣೆ. 1979ರಲ್ಲಿ ಮರಿಕಾ ವಿಕ್ಜಿಯಾನಿ ಎಂಬ ವಿದ್ವಾಂಸೆ ಇದನ್ನು ಪ್ರಶ್ನಿಸಿದರು. ಪ್ರವಾಸಿಯ ಅಂದಾಜನ್ನು ಜನಗಣತಿಯ ಎಣಿಕೆಯೊಡನೆ ತೂಗುವುದು ಸರಿಯಲ್ಲವೆಂಬುದು ಅವರ ವಾದದ ಸಾರ. ಈ ವಾದ ಪೂರ್ತಿ ಇತ್ಯರ್ಥವಾಗಿಲ್ಲ. ಆದರೆ ಒಂದು ದೇಶದ ಬಡತನದ ಮೂಲವನ್ನು ಕುರಿತ ಚರ್ಚೆ ಒಬ್ಬ ಪ್ರವಾಸಿಯ ದಿನಚರಿಯ ಮೇಲೆ ನಿಂತಿತೆಂಬುದನ್ನು ಮರೆಯುವಂತಿಲ್ಲ.

ಇನ್ನು ಬರ್ಮಾದ ಪದಪಟ್ಟಿಯ ವಿಷಯ. ಅರಾಕಾನಿನಲ್ಲಿ ಬಹುಕಾಲದಿಂದ ನೆಲೆಸಿದ ಮುಸ್ಲಿಮರು ತಮ್ಮನ್ನು ರೂಯಿಂಗ ಎಂದು ಕರೆದುಕೊಳ್ಳುತ್ತಾರೆಂದು 1799ರ ಆ ಲೇಖನದಲ್ಲಿ ಬುಕಾನನ್ ದಾಖಲಿಸಿದ್ದ. ಭಾಷೆಗಳ ಹೋಲಿಕೆಗಾಗಿ ಬರೆದ ಒಂದು ಸಣ್ಣ ಟಿಪ್ಪಣಿ ಅದು. ಮ್ಯಾನ್ಮಾರ್‌ನ 1982ರ ಪೌರತ್ವ ಕಾನೂನು 1823ಕ್ಕೂ ಮೊದಲು ಆ ನೆಲದಲ್ಲಿ ನೆಲೆಸಿದ್ದ ಜನಾಂಗಗಳನ್ನು ಮೂಲನಿವಾಸಿಗಳೆಂದು ಗುರುತಿಸಿತು. ರೊಹಿಂಗ್ಯಾ ಸಮುದಾಯ ಆ ಪಟ್ಟಿಯಿಂದ ಹೊರಗುಳಿಯಿತು. 2017ರಲ್ಲಿ ಸೇನೆಯ ಕಾರ್ಯಾಚರಣೆಗೆ ಬೆದರಿ ಏಳು ಲಕ್ಷಕ್ಕೂ ಹೆಚ್ಚು ರೊಹಿಂಗ್ಯಾ ಜನರು ಬಾಂಗ್ಲಾದೇಶಕ್ಕೆ ಓಡಿಹೋದರು. ಆ ಹೆಸರು ಬ್ರಿಟಿಷ್ ಆಳ್ವಿಕೆಗೂ ಮುಂಚೆಯೇ ಇತ್ತು ಎನ್ನುವವರು ಬುಕಾನನ್‌ನ ಸಾಲನ್ನು ಸಾಕ್ಷಿಯಾಗಿ ಮುಂದಿಡುತ್ತಾರೆ. ಅದು ಅರಾಕಾನಿನವನು ಎಂಬಷ್ಟೇ ಅರ್ಥದ ಪದ, ಅದೂ ಅಮರಪುರದಲ್ಲಿ ಕೇಳಿದ್ದು ಎಂದು ಎದುರು ವಾದಿಸುವವರಿದ್ದಾರೆ. ತನ್ನ ಪದಪಟ್ಟಿ ಒಂದು ದಿನ ಮನುಷ್ಯರ ಪೌರತ್ವದ ವ್ಯಾಜ್ಯದಲ್ಲಿ ದಾಖಲೆಯಾದೀತೆಂದು ಆ ತರುಣ ವೈದ್ಯ ಕನಸಿನಲ್ಲಿಯೂ ಎಣಿಸಿರಲಾರ. ಯಾರು ತಮ್ಮನ್ನು ಏನೆಂದು ಕರೆದುಕೊಂಡರೋ ಹಾಗೆಯೇ ಬರೆದ, ಅಷ್ಟೇ. ಅಷ್ಟನ್ನು ಸರಿಯಾಗಿ ಮಾಡಿದ್ದಕ್ಕೆ ಆ ಸಾಲಿಗೆ ಇಂದಿಗೂ ಬೆಲೆಯಿದೆ.

1814ರಲ್ಲಿ ಕಲ್ಕತ್ತೆಯ ಸಸ್ಯೋದ್ಯಾನದ ಮೇಲ್ವಿಚಾರಕನಾದ ಬುಕಾನನ್ ಮರುವರ್ಷವೇ ಆರೋಗ್ಯ ಕೆಟ್ಟು ಊರಿಗೆ ಹೊರಟ. ತಾನು ಬರೆಯಿಸಿದ್ದ ಪ್ರಾಣಿ, ಸಸ್ಯ, ಮೀನುಗಳ ಚಿತ್ರಗಳನ್ನು ಒಯ್ಯಲು ಆಗಿನ ಗವರ್ನರ್ ಜನರಲ್ ಬಿಡಲಿಲ್ಲ. ಅವು ಸರ್ಕಾರದ ಸ್ವತ್ತು ಎಂಬುದು ಕಾರಣ. ಸರ್ಕಾರಿ ನೌಕರನ ಶ್ರಮದ ಫಲ ಯಾರದು ಎಂಬ ಪ್ರಶ್ನೆ ಅಂದೂ ಇತ್ತು! ಆದರೂ 1822ರಲ್ಲಿ ಗಂಗಾನದಿಯ ಮೀನುಗಳನ್ನು ಕುರಿತ ಗ್ರಂಥವನ್ನು ಆತ ಎಡಿನ್‌ಬರೋದಲ್ಲಿ ಪ್ರಕಟಿಸಿದ. ತಾಯಿಯ ಕಡೆಯ ಆಸ್ತಿ ಬಂದಾಗ ಹ್ಯಾಮಿಲ್ಟನ್ ಎಂಬ ಹೆಸರನ್ನು ಸೇರಿಸಿಕೊಂಡಿದ್ದರಿಂದ, ರೋಹು, ಹಿಲ್ಸಾ ಮೀನುಗಳ ವೈಜ್ಞಾನಿಕ ಹೆಸರಿನ ಮುಂದೆ ಹ್ಯಾಮಿಲ್ಟನ್, 1822 ಎಂಬ ಗುರುತು ಇಂದಿಗೂ ಇದೆ. ಜಗತ್ತಿನ ಪ್ರಯೋಗಾಲಯಗಳಲ್ಲಿ ತಳಿವಿಜ್ಞಾನಕ್ಕೆ ಬಳಕೆಯಾಗುತ್ತಿರುವ ಪುಟ್ಟ ಜೀಬ್ರಾ ಮೀನನ್ನು ಮೊದಲು ವರ್ಣಿಸಿದವನೂ ಈತನೇ. ಕೊನೆಯ ವರ್ಷಗಳಲ್ಲಿ ತನ್ನ ಮನೆತನವೇ ಬುಕಾನನ್ ಕುಲದ ಹಿರಿಮನೆ ಎಂದು ಸಾಧಿಸಲು ಹಳೆಯ ಕಾಗದಪತ್ರಗಳನ್ನು ಹುಡುಕಿದ. ದಶಕಗಳ ಕಾಲ ನಮ್ಮ ಜಾತಿ ಕುಲಗಳ ಮೂಲವನ್ನು ವಿಚಾರಿಸಿದವನು ಕಡೆಗೆ ತನ್ನ ಕುಲದ ಮೂಲ ವಿಚಾರಿಸಿದ. 1829ರ ಜೂನ್ 15ರಂದು ತೀರಿಕೊಂಡ.

ಇಂದು ಪ್ರಯಾಣ ಸುಲಭವಾಗಿದೆ, ಬರೆಯುವವರೂ ಹೆಚ್ಚಿದ್ದಾರೆ; ಇದು ಸಂತೋಷದ ಸಂಗತಿಯೇ. ಆದರೆ ಅನೇಕ ಪ್ರವಾಸ ಕಥನಗಳಲ್ಲಿ ಹೋದವರು ಕಾಣುತ್ತಾರೆ, ಹೋದ ಊರು ಕಾಣುವುದಿಲ್ಲ. ಏರಿದ ವಿಮಾನ, ತಂಗಿದ ಹೋಟೆಲು, ಸಿಗದ ಅನ್ನ ಸಾರು ಇವುಗಳಲ್ಲೇ ಪುಟ ತುಂಬುತ್ತದೆ. ಆ ಊರಿನ ಕೂಲಿ ಎಷ್ಟು, ನೀರು ಎಲ್ಲಿಂದ ಬರುತ್ತದೆ, ಅಲ್ಲಿನವರು ತಮ್ಮನ್ನು ಏನೆಂದು ಕರೆದುಕೊಳ್ಳುತ್ತಾರೆ ಎಂದು ಕೇಳಿ ಬರೆದವರು ವಿರಳ. ಬುಕಾನನ್‌ನಂತೆ ಬರೆಯಿರೆಂದು ನಾನು ಯಾರಿಗೂ ಹೇಳಲಾರೆ. ಆತನ ಗದ್ಯ ಒಣ ಗದ್ಯ, ಆತನ ಯಜಮಾನರು ನಮ್ಮ ಯಜಮಾನರಾಗುವುದೂ ಬೇಡ. ಆದರೆ ದಿನಾಂಕ ಹಾಕುವುದು, ಹೇಳಿದವರು ಯಾರೆಂದು ಕಾಣಿಸುವುದು, ನೋಡದೆ ಇದ್ದುದನ್ನು ನೋಡಿದೆನೆಂದು ಬರೆಯದಿರುವುದು, ಈ ಮೂರಕ್ಕೆ ಸಾಮ್ರಾಜ್ಯದ ಬೆಂಬಲವೇನೂ ಬೇಕಿಲ್ಲ.

ನಿವೃತ್ತನಾದ ಮೇಲೆ ನಾನು ಮತ್ತೆ ದಿನಚರಿ ಬರೆಯುತ್ತಿದ್ದೇನೆ. ಈಗ ಬಿಲ್ಲೂ ಇಲ್ಲ, ಮಂಜೂರಾತಿಯೂ ಇಲ್ಲ. ಹೋದ ಊರಿನ ಹೆಸರು ಬರೆದು, ಎಡಬದಿಯಲ್ಲಿ ಕಂಡದ್ದು, ಬಲಬದಿಯಲ್ಲಿ ಕೇಳಿದ್ದು ಎಂದು ಪುಟಕ್ಕೆ ನಡುವೆ ಒಂದು ಗೆರೆ ಎಳೆದುಕೊಳ್ಳುತ್ತೇನೆ. ಬಲಬದಿಯೇ ಯಾವಾಗಲೂ ಮೊದಲು ತುಂಬುತ್ತದೆ.